ಒಂದು ಹನಿ ಇಂಧನದ ಓಟ

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು ದೂರ. ಸುಸ್ಥಿತಿಯಲ್ಲಿರುವ ಮೋಟಾರ್ ಸೈಕಲ್ಲೊಂದು ಈ ದೂರವನ್ನು ಕ್ರಮಿಸಲು ಹೆಚ್ಚುಕಡಮೆ ಒಂದು ಲೀಟರು ಪೆಟ್ರೋಲನ್ನು ಬಳಸುವುದು. ಅಷ್ಟೇ ಇಂಧನದ ಶಕ್ತಿಯಿಂದ ಈ ದೂರವನ್ನು 60 ಸಲ ಹೋಗಿ 60 ಸಲ ಬರಬಹುದೆಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕುಬಿಡುವ ಸಂಭವವೇ ಹೆಚ್ಚು. ಆದರೆ ಅಂಥ ವಾಹನವೊಂದು ನಿಜವಾಗಿಯೂ ನಿರ್ಮಾಣವಾಗಿದೆ. ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿರುವ ಈ.ಟಿ.ಎಚ್. ವಿಶ್ವವಿದ್ಯಾನಿಲಯದ ತಂಡ ರಚಿಸಿದ 'ಪ್ಯಾಕ್-ಕಾರ್ 2' ಎಂಬ ಮೂರು ಗಾಲಿಯ ಬಂಡಿಯು 2005ರ ಜೂನ್ ತಿಂಗಳಿನಲ್ಲಿ ಫ್ರಾನ್ಸ್ ದೇಶದ ಲಾಡೂ ಎಂಬಲ್ಲಿನ ಪರೀಕ್ಷಾಪಥದಲ್ಲಿ ಓಡಿ, ಒಂದು ಲೀಟರು ಪೆಟ್ರೋಲಿಗೆ 5,385 ಕಿಲೋಮೀಟರು ಎಂಬ ದಾಖಲೆಯನ್ನು ಸ್ಥಾಪಿಸಿತು. ಅದು ಬಳಸಿದ ಇಂಧನ ಜಲಜನಕ. ಆ ಜಲಜನಕದ ಶಕ್ತಿಯನ್ನು ಪೆಟ್ರೋಲಿನ ಶಕ್ತಿಗೆ ಸಮೀಕರಿಸಿ ಈ ಅಂಕಿಯನ್ನು ಪಡೆದಿದ್ದಾರೆ. ಒಂದು ಲೀಟರಿನಲ್ಲಿ ಸುಮಾರು 20,000 ಹನಿಗಳಿವೆಯೆಂದು ಇಟ್ಟುಕೊಂಡರೆ, ಪ್ರತಿಯೊಂದು ಹನಿಯೂ ಆ ಬಂಡಿಯನ್ನು ಸುಮಾರು 270 ಮೀಟರು ದೂರ ಸಾಗಿಸಿದಂತಾಯಿತು.

ಈ ಸಾಧನೆಯಲ್ಲಿ ಮಾಯವಿಲ್ಲ, ಮಂತ್ರವಿಲ್ಲ. ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿರುವ ನಿಯಮಗಳನ್ನು ಮೀರಿದ ಯಾವ ರಹಸ್ಯವೂ ಇಲ್ಲ. ಬಂಡಿಯನ್ನು ಮುಂದಕ್ಕೆ ಒಯ್ಯಲು ಎಷ್ಟು ಶಕ್ತಿ ಬೇಕು, ಕೊಟ್ಟ ಶಕ್ತಿಯಲ್ಲಿ ಎಷ್ಟು ಪಾಲು ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟವರಿಗೆ ದೊರೆತ ಫಲ ಅದು. ಇಂಥ ಲೆಕ್ಕವನ್ನು ಕಲಿಸುವ ಸಲುವಾಗಿಯೇ ಜಗತ್ತಿನ ಹಲವು ಕಡೆ ವಿದ್ಯಾರ್ಥಿ ತಂಡಗಳ ಸ್ಪರ್ಧೆಗಳು ನಡೆಯುತ್ತವೆ. ಅವುಗಳ ಸ್ವರೂಪವೇನು, ಅವುಗಳಿಂದ ನಮ್ಮ ನಾಡಿಗೆ ಬಂದ ಪ್ರಯೋಜನವೇನು, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ತಾಲ್ಲೂಕುಗಳ ವಿದ್ಯಾರ್ಥಿಗೆ ಅವುಗಳಲ್ಲಿ ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ನೋಡೋಣ.

ಪಂದ್ಯದಿಂದ ಹುಟ್ಟಿದ ಸ್ಪರ್ಧೆ

1939ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದ ವುಡ್ ರಿವರ್ ಎಂಬ ಊರಿನಲ್ಲಿದ್ದ ಷೆಲ್ ತೈಲ ಕಂಪೆನಿಯ ಪ್ರಯೋಗಶಾಲೆಯ ವಿಜ್ಞಾನಿಗಳು ತಮ್ಮತಮ್ಮೊಳಗೆ ಒಂದು ಪಂದ್ಯ ಕಟ್ಟಿದರು. ಒಂದು ಗ್ಯಾಲನ್ ಪೆಟ್ರೋಲಿನಲ್ಲಿ ಯಾರ ಕಾರು ಹೆಚ್ಚು ದೂರ ಹೋಗುವುದು ಎಂಬುದೇ ಆ ಪಂದ್ಯ. ಗೆದ್ದವರು ಸುಮಾರು 50 ಮೈಲಿ ಹೋದರು. ಇಂದಿನ ಅಳತೆಯಲ್ಲಿ ಇದು ಲೀಟರಿಗೆ ಸುಮಾರು 21 ಕಿಲೋಮೀಟರು. ಸ್ನೇಹಿತರ ವಿನೋದವಾಗಿ ಮೊದಲಾದ ಈ ಪಂದ್ಯವು ಬೆಳೆದು, 1985ರಲ್ಲಿ ಫ್ರಾನ್ಸ್ ದೇಶದಲ್ಲಿ 'ಷೆಲ್ ಇಕೋ-ಮ್ಯಾರಥಾನ್' ಎಂಬ ಹೆಸರಿನ ಸ್ಪರ್ಧೆಯಾಯಿತು. 2010ರಲ್ಲಿ ಏಷ್ಯಾ ಖಂಡದ ವಿದ್ಯಾರ್ಥಿಗಳಿಗಾಗಿ ಮಲೇಷ್ಯಾದಲ್ಲಿ ಪ್ರತ್ಯೇಕ ಸ್ಪರ್ಧೆ ಏರ್ಪಟ್ಟಿತು. ಭಾರತದಲ್ಲಿ ಮೊದಲ ಬಾರಿಗೆ 2018ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ, 2019ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಇದು ಜರುಗಿತು.

ಇದಲ್ಲದೆ ಭಾರತದ ವಾಹನ ಎಂಜಿನಿಯರುಗಳ ಸಂಘವಾದ ಎಸ್.ಎ.ಇ. ಇಂಡಿಯಾ 2010ರಿಂದ 'ಎಫಿಸೈಕಲ್' ಎಂಬ ಸ್ಪರ್ಧೆಯನ್ನು ನಡೆಸಿಕೊಂಡು ಬಂದಿದೆ. ಇಬ್ಬರು ಸವಾರರು ಪೆಡಲು ತುಳಿಯುವ, ಜೊತೆಗೆ ವಿದ್ಯುತ್ ಮೋಟಾರಿನ ಸಹಾಯವೂ ಇರುವ ಮೂರು ಗಾಲಿಯ ವಾಹನವನ್ನು ವಿದ್ಯಾರ್ಥಿಗಳು ಇದಕ್ಕಾಗಿ ರಚಿಸುತ್ತಾರೆ.

ಇಕೋ-ಮ್ಯಾರಥಾನ್ ಸ್ಪರ್ಧೆಯಲ್ಲಿ ಎರಡು ವರ್ಗಗಳಿವೆ. ಮೊದಲನೆಯದು ಒಬ್ಬನೇ ಚಾಲಕನು ಬಹುಪಾಲು ಮಲಗಿದಂತೆಯೇ ಕುಳಿತು ನಡೆಸುವ, ಆದಷ್ಟು ಹಗುರವಾದ ಮಾದರಿಬಂಡಿ. ಎರಡನೆಯದು ನಾಲ್ಕು ಗಾಲಿ, ದೀಪ, ಬಾಗಿಲುಗಳಿರುವ, ನಗರದ ಬೀದಿಯ ಕಾರನ್ನು ಹೋಲುವ ವಾಹನ. ವೇಗಕ್ಕೆ ಇಲ್ಲಿ ಬಹುಮಾನವಿಲ್ಲ. ನಿಗದಿಯಾದ ಸುತ್ತುಗಳನ್ನು ನಿಗದಿಯಾದ ಕಾಲದೊಳಗೆ ಮುಗಿಸಬೇಕು. ಮುಗಿಸಿದವರಲ್ಲಿ ಅತ್ಯಂತ ಕಡಿಮೆ ಶಕ್ತಿಯನ್ನು ವ್ಯಯಮಾಡಿದವರು ಗೆದ್ದಂತೆ. ತೀರ ನಿಧಾನವಾಗಿ ತೆವಳಿ ಗೆಲ್ಲುವ ಹಂಚಿಕೆಗೆ ಈ ಕಾಲಮಿತಿಯು ಅವಕಾಶ ಕೊಡುವುದಿಲ್ಲ.

ಶಕ್ತಿಯ ಆಯವ್ಯಯ

ಮನೆಯ ಯಜಮಾನನು ತಿಂಗಳ ಕೊನೆಯಲ್ಲಿ ಹಣ ಎಲ್ಲಿ ಖರ್ಚಾಯಿತೆಂದು ಪಟ್ಟಿ ಮಾಡುವಂತೆ, ವಾಹನವನ್ನು ರಚಿಸುವವನು ಶಕ್ತಿಯ ಪಟ್ಟಿಯನ್ನು ಮಾಡಬೇಕಾಗುವುದು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು 3 ಕೋಟಿ 20 ಲಕ್ಷ ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಲೀಟರಿಗೆ 20 ಕಿಲೋಮೀಟರು ಓಡುವ ಸಾಮಾನ್ಯ ಕಾರು, ಈ ಲೆಕ್ಕದಂತೆ, ಪ್ರತಿ ಮೀಟರಿಗೆ 1,600 ಜೌಲ್ ಇಂಧನವನ್ನು ಸುಡುವುದು. ಸುಮಾರು 163 ಕಿಲೋಗ್ರಾಂ ಭಾರವನ್ನು ಒಂದು ಮೀಟರು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಇಷ್ಟೇ. ಪ್ಯಾಕ್-ಕಾರ್ 2 ವ್ಯಯಮಾಡಿದ್ದಾದರೋ ಮೀಟರಿಗೆ ಸುಮಾರು 6 ಜೌಲ್ ಮಾತ್ರ. ಎಂದರೆ 600 ಗ್ರಾಂ ತೂಕದ ವಸ್ತುವೊಂದನ್ನು ಒಂದು ಮೀಟರು ಎತ್ತುವ ಶ್ರಮ. ಈ ಎರಡರ ನಡುವಣ ಅಂತರ ಎಲ್ಲಿ ಕಳೆದುಹೋಗುತ್ತದೆ?

ಮೊದಲನೆಯ ನಷ್ಟ ಇಂಜಿನಿನೊಳಗೇ ಆಗುವುದು. ಪೆಟ್ರೋಲು ಇಂಜಿನು ತಾನು ಸುಟ್ಟ ಇಂಧನದ ಸುಮಾರು ಕಾಲು ಪಾಲನ್ನು ಮಾತ್ರ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಒದಗಿಸುತ್ತದೆ. ಉಳಿದ ಮುಕ್ಕಾಲು ಪಾಲು ಹೊಗೆಕೊಳವೆಯ ಬಿಸಿಯಾಗಿ, ಇಂಜಿನಿನ ಮೈಬಿಸಿಯಾಗಿ ಗಾಳಿಗೆ ಸೇರುವುದು. ಒಳ್ಳೆಯ ವಿದ್ಯುತ್ ಮೋಟಾರಾದರೆ ತನಗೆ ಬಂದ ವಿದ್ಯುತ್ತಿನ ನೂರಕ್ಕೆ 85 ಪಾಲಿಗಿಂತ ಹೆಚ್ಚನ್ನು ಚಲನೆಯಾಗಿ ಮಾರ್ಪಡಿಸಬಲ್ಲುದು. ಆದರೆ ಆ ವಿದ್ಯುತ್ತನ್ನು ಎಲ್ಲಿ, ಹೇಗೆ ಉತ್ಪಾದಿಸಿದರು ಎಂಬ ಲೆಕ್ಕವನ್ನೂ ಪ್ರಾಮಾಣಿಕನಾದವನು ಸೇರಿಸಿಕೊಳ್ಳಬೇಕು.

ಎರಡನೆಯದು ನೆಲದ ತಡೆ. ಗಾಲಿ ಉರುಳುವಾಗ ರಬ್ಬರು ನೆಲವನ್ನು ಮುಟ್ಟುವಲ್ಲಿ ಚಪ್ಪಟೆಯಾಗಿ, ಮತ್ತೆ ಮೇಲೆದ್ದು ಮೊದಲಿನ ಆಕಾರ ತಾಳುವುದು. ಈ ಮಣಿದು ಏಳುವ ಕ್ರಿಯೆಯಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುವುದು. ದೂರ ಓಡಿದ ಬಸ್ಸಿನ ಟೈರನ್ನು ಮುಟ್ಟಿ ನೋಡಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಈ ತಡೆ ವಾಹನದ ಭಾರಕ್ಕೆ ಅನುಗುಣವಾದದ್ದು. ಭಾರವು ಅರ್ಧವಾದರೆ ತಡೆಯೂ ಅರ್ಧವಾಗುವುದು.

ಮೂರನೆಯದು ಗಾಳಿಯ ತಡೆ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸವಾರನೂ ಸೇರಿ 80 ಕಿಲೋಗ್ರಾಂ ತೂಗುವ ಸಾಧಾರಣ ಬೈಸಿಕಲ್ಲೊಂದನ್ನು ತೆಗೆದುಕೊಳ್ಳೋಣ. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಅದಕ್ಕೆ ನೆಲದ ತಡೆ ಸುಮಾರು 5 ನ್ಯೂಟನ್, ಗಾಳಿಯ ತಡೆ ಸುಮಾರು 6 ನ್ಯೂಟನ್. ವೇಗವನ್ನು 30 ಕಿಲೋಮೀಟರಿಗೆ ಏರಿಸಿದರೆ ನೆಲದ ತಡೆ ಇದ್ದಷ್ಟೇ ಇರುವುದು. ಗಾಳಿಯ ತಡೆ ಮಾತ್ರ ನಾಲ್ಕರಷ್ಟಾಗಿ 24 ನ್ಯೂಟನ್ ಆಗುವುದು. ನಿಧಾನ ಸವಾರಿಗೆ 46 ವಾಟ್ ಸಾಮರ್ಥ್ಯ ಸಾಕಾಗಿದ್ದರೆ, ಎರಡರಷ್ಟು ವೇಗಕ್ಕೆ ಸುಮಾರು 240 ವಾಟ್ ಬೇಕು. ಎದುರುಗಾಳಿಯಲ್ಲಿ ಸೈಕಲ್ಲು ತುಳಿದವರ ಏದುಸಿರಿಗೆ ಕಾರಣ ಇದೇ. ಕಬಿನಿಯ ನೀರಿನಲ್ಲಿ ಈಜುವ ಮೀನಿನ ಮುಂಭಾಗ ದುಂಡಾಗಿಯೂ ಬಾಲದ ಕಡೆ ನೀಳವಾಗಿ ಚೂಪಾಗಿಯೂ ಇರುವುದಷ್ಟೆ? ಸ್ಪರ್ಧೆಯ ಬಂಡಿಗಳಿಗೂ ಅದೇ ರೂಪವನ್ನು ಕೊಡುತ್ತಾರೆ. ಗಾಳಿಯು ಬಂಡಿಯ ಹಿಂದೆ ಸುಳಿಸುಳಿಯಾಗಿ ಕದಡದೆ ಮೆಲ್ಲನೆ ಕೂಡಿಕೊಳ್ಳುವಂತೆ ಮಾಡುವುದೇ ಇದರ ಉದ್ದೇಶ.

ನಾಲ್ಕನೆಯದು ಬ್ರೇಕಿನ ನಷ್ಟ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ 1,000 ಕಿಲೋಗ್ರಾಂ ತೂಕದ ಕಾರಿನಲ್ಲಿ ಸುಮಾರು 1 ಲಕ್ಷ 39 ಸಾವಿರ ಜೌಲ್ ಚಲನಶಕ್ತಿ ಅಡಗಿದೆ. ರಸ್ತೆಯ ಉಬ್ಬನ್ನು ಕಂಡು ಚಾಲಕನು ಥಟ್ಟನೆ ಬ್ರೇಕು ಒತ್ತಿ ನಿಲ್ಲಿಸಿದರೆ ಅಷ್ಟೂ ಬಿಸಿಯಾಗಿ ಹೋಯಿತು. ಮತ್ತೆ ಅದೇ ವೇಗವನ್ನು ಪಡೆಯಲು ಸುಮಾರು 17 ಮಿಲಿಲೀಟರು ಪೆಟ್ರೋಲು ಬೇಕು. ಹೆಚ್ಚುಕಡಮೆ ಮೂರೂವರೆ ಚಹಾ ಚಮಚದಷ್ಟು. ವಿದ್ಯುತ್ ವಾಹನಗಳಲ್ಲಿ ಬ್ರೇಕು ಒತ್ತಿದಾಗ ಮೋಟಾರನ್ನೇ ಡೈನಮೋ ಆಗಿ ತಿರುಗಿಸಿ, ಇದರಲ್ಲಿ ಒಂದಷ್ಟು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುವ ಏರ್ಪಾಡು ಇದೆ.

ಏರುದಾರಿಯನ್ನು ಈ ಪಟ್ಟಿಗೆ ಸೇರಿಸಬೇಕಾದರೂ ಅದರ ಸ್ವಭಾವ ಬೇರೆ. ನೂರು ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಮೇಲೆ ಹೇಳಿದ ಸೈಕಲ್ಲಿಗೆ ಸುಮಾರು 8 ನ್ಯೂಟನ್ ಹೆಚ್ಚಿನ ಬಲ ಬೇಕಾಗುವುದು. ಆದರೆ ಏರುವಾಗ ಕೊಟ್ಟ ಶಕ್ತಿ ಇಳಿಯುವಾಗ ಹಿಂದಿರುಗುವುದು. ಇಳಿಜಾರಿನಲ್ಲಿ ಬ್ರೇಕು ಒತ್ತಿದವನು ಮಾತ್ರ ಅದನ್ನು ಕಳೆದುಕೊಳ್ಳುವನು.

ಎತ್ತಿನ ಬಂಡಿಯ ಪಾಠ

ಭಾರ ಸಾಗಿಸುವ ದಕ್ಷತೆಯ ಪ್ರಶ್ನೆ ಹುಣಸೂರು ಸೀಮೆಗೆ ಹೊಸದೇನೂ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆಚಾವಡಿ' ಎಂಬ ಹೆಸರಿನಿಂದ ಮೊದಲಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರು ಪಡೆದ ರಾಸುಗಳ ಇಲಾಖೆಗೆ 19ನೆಯ ಶತಮಾನದಲ್ಲಿ ಹುಣಸೂರು ಕೇಂದ್ರವಾಗಿತ್ತು. ಸೈನ್ಯದ ತೋಪು, ಸಾಮಾನುಗಳನ್ನು ಬಹುದೂರ ಬಹುಬೇಗ ಎಳೆಯಬಲ್ಲ ಎತ್ತುಗಳೆಂದು ಈ ತಳಿ ಹೆಸರಾಗಿತ್ತು. ಸೈನ್ಯದ ಅಗತ್ಯಗಳನ್ನು ಒದಗಿಸಲು ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಅಂಗಳಗಳೂ ಇದ್ದವು. ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯ ದನಗಳ ಜಾತ್ರೆ ಇಂದಿಗೂ ಹೆಸರಾದದ್ದು. ಅಲ್ಲಿ ರಾಸಿನ ಹಲ್ಲು, ಸುಳಿ, ನಡೆಗಳನ್ನು ನೋಡಿ ಬೆಲೆ ಕಟ್ಟುವ ರೈತನು, ತನ್ನದೇ ರೀತಿಯಲ್ಲಿ, ಒಂದು ಇಂಜಿನಿನ ಸಾಮರ್ಥ್ಯವನ್ನು ಅಳೆಯುತ್ತಾನೆ.

ಆದರೆ ಎತ್ತು ಎಷ್ಟೇ ಬಲಶಾಲಿಯಾಗಿದ್ದರೂ ಗಾಲಿ ಕೆಟ್ಟದ್ದಾದರೆ ಅದರ ಶ್ರಮ ವ್ಯರ್ಥ. 1,000 ಕಿಲೋಗ್ರಾಂ ತೂಗುವ ಬಂಡಿಗೆ ಗಾಳಿ ತುಂಬಿದ ಟೈರು, ಗುಂಡಿನ ಬೇರಿಂಗು, ಡಾಂಬರು ರಸ್ತೆ ಇವು ದೊರೆತರೆ ಅದನ್ನು ಎಳೆಯಲು ಸುಮಾರು 150 ನ್ಯೂಟನ್ ಬಲ ಸಾಕು. ಕಿರಿದಾದ ಕಬ್ಬಿಣದ ಪಟ್ಟಿಯ ಗಾಲಿ ಮೆತ್ತನೆಯ ಮಣ್ಣಿನಲ್ಲಿ ಹೂತುಕೊಂಡಾಗ ಇದರ ಹಲವು ಪಟ್ಟು ಬೇಕಾಗುವುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯನ್ನು ಗಂಭೀರವಾದ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡು, ನೊಗ, ಗಾಲಿ, ಬೇರಿಂಗುಗಳ ಸುಧಾರಣೆಗಾಗಿ ದೀರ್ಘಕಾಲ ದುಡಿದರು. ಎತ್ತಿನ ಕತ್ತನ್ನು ಹುಣ್ಣಾಗಿಸುವ ನೊಗವು ಪ್ರಾಣಿಗೆ ಹಿಂಸೆಯೂ ಹೌದು, ಶಕ್ತಿಯ ಅಪವ್ಯಯವೂ ಹೌದು.

ಇದೇ ಸೂತ್ರವನ್ನು ಇನ್ನೂ ಮುಂದಕ್ಕೆ ಒಯ್ದರೆ ರೈಲು ಸಿಕ್ಕುವುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಬಹಳ ಕಡಿಮೆ ಮಣಿಯುವುದರಿಂದ, ಡಾಂಬರು ರಸ್ತೆಯ ಲಾರಿಗೆ ಇರುವ ನೆಲದ ತಡೆಯ ಕೆಲವೇ ಅಂಶ ಅದಕ್ಕಿರುವುದು. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲುನಿಲ್ದಾಣವಿರುವುದು ಕೃಷ್ಣರಾಜನಗರವೊಂದರಲ್ಲಿಯೇ. ಉಳಿದ ಮೂರು ಊರುಗಳ ಹೊಗೆಸೊಪ್ಪು, ಶುಂಠಿ, ಜೋಳ, ಹತ್ತಿಗಳೆಲ್ಲ ರಬ್ಬರು ಗಾಲಿಯ ಮೇಲೆಯೇ ಸಾಗಬೇಕು.

ತಂಡ ಕೆಲಸ ಮಾಡುವ ಬಗೆ

ಇಂಥ ಸ್ಪರ್ಧೆಗೆ ಹೊರಟ ವಿದ್ಯಾರ್ಥಿ ತಂಡ ಕೆಲಸವನ್ನು ಹಂಚಿಕೊಳ್ಳುತ್ತದೆ. ಕೆಲವರು ಬಂಡಿಯ ಚೌಕಟ್ಟನ್ನು, ಕೆಲವರು ಹೊರಕವಚದ ಆಕಾರವನ್ನು, ಇನ್ನು ಕೆಲವರು ಇಂಜಿನು ಅಥವಾ ಮೋಟಾರನ್ನು, ಮತ್ತೆ ಕೆಲವರು ವಿದ್ಯುತ್ ಉಪಕರಣಗಳನ್ನು ನೋಡಿಕೊಳ್ಳುವರು. ಲೆಕ್ಕಪತ್ರ ಇಡುವವರೂ ಚಂದಾ ಸಂಗ್ರಹಿಸುವವರೂ ಅಷ್ಟೇ ಅವಶ್ಯಕ. ಒಬ್ಬರ ನಿರ್ಧಾರ ಇನ್ನೊಬ್ಬರ ಲೆಕ್ಕವನ್ನು ಬದಲಿಸುವುದು. ಬ್ಯಾಟರಿಯನ್ನು ದೊಡ್ಡದು ಮಾಡಿದರೆ ಭಾರ ಏರಿತು. ಭಾರ ಏರಿದರೆ ಚೌಕಟ್ಟು ಗಟ್ಟಿಯಾಗಬೇಕು. ಚೌಕಟ್ಟು ಗಟ್ಟಿಯಾದರೆ ಮತ್ತಷ್ಟು ಭಾರ. ಈ ಸರಪಳಿಯನ್ನು ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನವನ್ನು ಎಲ್ಲರೂ ಒಟ್ಟಿಗೆ ಕುಳಿತು ಮಾಡಬೇಕಾಗುವುದು. ಪ್ಯಾಕ್-ಕಾರ್ 2 ತೂಗುತ್ತಿದ್ದುದು ಕೇವಲ 29 ಕಿಲೋಗ್ರಾಂ. ಪ್ರತಿ ಗ್ರಾಮಿಗೂ ಹಲವು ದಿನಗಳ ಚರ್ಚೆ ನಡೆಯದೆ ಇಂಥ ಫಲ ದೊರೆಯಲಾರದು.

ಹಗುರವಾಗಿರಬೇಕೆಂದು ಸುರಕ್ಷತೆಯನ್ನು ಬಿಡುವಂತಿಲ್ಲ. ಬಂಡಿ ಪಥಕ್ಕೆ ಇಳಿಯುವ ಮೊದಲು ಕಠಿಣವಾದ ಪರೀಕ್ಷೆಗಳಾಗುತ್ತವೆ. ಇಳಿಜಾರಿನ ಮೇಲೆ ನಿಲ್ಲಿಸಿದಾಗ ಬ್ರೇಕು ಹಿಡಿದು ನಿಲ್ಲಬೇಕು. ಅಪಘಾತದಲ್ಲಿ ಚಾಲಕನ ತಲೆಯನ್ನು ಕಾಯುವ ಕಮಾನು ನಿಗದಿಯಾದ ಬಲವನ್ನು ತಾಳಬೇಕು. ಬೆಲ್ಟು ಕಟ್ಟಿಕೊಂಡು ಒಳಗೆ ಮಲಗಿರುವ ಚಾಲಕನು 10 ಸೆಕೆಂಡಿನೊಳಗೆ ಯಾರ ಸಹಾಯವೂ ಇಲ್ಲದೆ ಹೊರಗೆ ಬರಬೇಕು. ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ಬಂಡಿ ಒಂದು ಮೀಟರನ್ನೂ ಓಡುವಂತಿಲ್ಲ.

ಓಡಿಸುವ ಬಗೆಯೂ ಒಂದು ವಿದ್ಯೆ. ಪೆಟ್ರೋಲು ಇಂಜಿನು ಅರೆಮನಸ್ಸಿನಿಂದ ದುಡಿಯುವಾಗ ಇಂಧನವನ್ನು ಹೆಚ್ಚಾಗಿ ಪೋಲುಮಾಡುತ್ತದೆ. ತಕ್ಕಷ್ಟು ಭಾರ ಹೊತ್ತು ದುಡಿಯುವಾಗ ಅದರ ದಕ್ಷತೆ ಹೆಚ್ಚು. ಆದ್ದರಿಂದ ಸ್ಪರ್ಧೆಯ ಚಾಲಕನು ಇಂಜಿನನ್ನು ಕೆಲವು ಕ್ಷಣ ಚೆನ್ನಾಗಿ ದುಡಿಸಿ ವೇಗ ಪಡೆದು, ಅನಂತರ ಅದನ್ನು ನಿಲ್ಲಿಸಿ, ಬಂಡಿಯನ್ನು ತನ್ನ ಪಾಡಿಗೆ ಉರುಳಲು ಬಿಡುತ್ತಾನೆ. ವೇಗ ಇಳಿದಾಗ ಮತ್ತೆ ಇಂಜಿನನ್ನು ಹಚ್ಚುತ್ತಾನೆ. ಇದನ್ನು ಕಾದಿಟ್ಟ ಪಥದಲ್ಲಿ ಮಾತ್ರ ಮಾಡತಕ್ಕದ್ದು. ರಸ್ತೆಯ ಮೇಲೆ ಕಾರು ಅಥವಾ ಲಾರಿಯ ಇಂಜಿನನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಬ್ರೇಕಿಗೂ ಚಕ್ರ ತಿರುಗಿಸುವುದಕ್ಕೂ ದೊರೆಯುವ ಯಂತ್ರದ ಸಹಾಯ ತಪ್ಪಿಹೋಗಿ ಪ್ರಾಣಾಪಾಯ ಒದಗುವ ಸಂಭವವಿದೆ.

ಬಿಸಿಲಿನ ಓಟದಿಂದ ಬೆಂಗಳೂರಿನ ಬೀದಿಗೆ

ಸ್ಪರ್ಧೆಯ ಬಂಡಿಗಳು ಆಟಿಕೆಗಳು, ಅವುಗಳಿಂದ ಲೋಕಕ್ಕೇನು ಪ್ರಯೋಜನ ಎಂದು ಕೇಳುವವರುಂಟು. ಇದಕ್ಕೆ ಉತ್ತರವಾಗಿ ಕರ್ನಾಟಕದ್ದೇ ಆದ ಒಂದು ನಿದರ್ಶನವಿದೆ.

ಹಾನ್ಸ್ ಥೋಲ್‌ಸ್ಟ್ರಪ್ ಎಂಬ ಸಾಹಸಿ 1982ರ ಡಿಸೆಂಬರಿನಿಂದ 1983ರ ಜನವರಿಯವರೆಗೆ ಬಿಸಿಲಿನಿಂದ ನಡೆಯುವ ಕಾರಿನಲ್ಲಿ ಆಸ್ಟ್ರೇಲಿಯ ಖಂಡವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರು. ಅವರ ಪ್ರೇರಣೆಯಿಂದ 1987ರಲ್ಲಿ ಡಾರ್ವಿನ್ ನಗರದಿಂದ ಅಡಿಲೇಡ್ ನಗರದವರೆಗೆ ಸುಮಾರು 3,000 ಕಿಲೋಮೀಟರು ದೂರದ ಸೌರವಾಹನ ಸ್ಪರ್ಧೆ ನಡೆಯಿತು. ಗೆದ್ದದ್ದು ಜನರಲ್ ಮೋಟಾರ್ಸ್ ಕಂಪೆನಿಯ 'ಸನ್‌ರೇಸರ್'; ಅದರ ಸರಾಸರಿ ವೇಗ ಗಂಟೆಗೆ ಸುಮಾರು 67 ಕಿಲೋಮೀಟರು. ನಡುಮಧ್ಯಾಹ್ನದಲ್ಲಿ ಅದರ ಫಲಕಗಳಿಂದ ದೊರೆಯುತ್ತಿದ್ದ ಸಾಮರ್ಥ್ಯ ಸುಮಾರು 1,500 ವಾಟ್, ಎಂದರೆ ಎರಡು ಅಶ್ವಶಕ್ತಿ. ತೋಟದ ಬಾವಿಗೆ ಕೂರಿಸುವ ಸಣ್ಣ ಪಂಪ್‌ಸೆಟ್ಟಿನಷ್ಟು ಸಾಮರ್ಥ್ಯದಿಂದ ಒಂದು ಕಾರು ಹೆದ್ದಾರಿಯ ವೇಗದಲ್ಲಿ ಓಡಿತೆಂದರೆ, ಗಾಳಿಯ ತಡೆ ಮತ್ತು ಭಾರಗಳನ್ನು ಎಷ್ಟು ಇಳಿಸಿದ್ದಿರಬೇಕೆಂದು ಊಹಿಸಬಹುದು.

ಇದೇ ಕಂಪೆನಿಯು 1990ರಲ್ಲಿ ಉತ್ತರ ಅಮೆರಿಕದ ವಿದ್ಯಾರ್ಥಿಗಳಿಗಾಗಿ ಫ್ಲಾರಿಡದಿಂದ ಮಿಷಿಗನ್ನಿನವರೆಗೆ ಸುಮಾರು 2,600 ಕಿಲೋಮೀಟರು ದೂರದ 'ಸನ್‌ರೇಸ್' ಸ್ಪರ್ಧೆಯನ್ನು ಏರ್ಪಡಿಸಿತು. ಮೂವತ್ತೆರಡು ತಂಡಗಳು ಸೇರಿದ್ದ ಈ ಸ್ಪರ್ಧೆಯಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ 'ಸನ್‌ರನ್ನರ್' ಮೊದಲನೆಯದಾಯಿತು. ಅದೇ ವರ್ಷ ಆಸ್ಟ್ರೇಲಿಯದ ಸ್ಪರ್ಧೆಯಲ್ಲಿಯೂ ಅದಕ್ಕೆ ಮೂರನೆಯ ಸ್ಥಾನ ದೊರೆಯಿತು. ಆ ತಂಡದಲ್ಲಿ ಬೆಂಗಳೂರಿನಿಂದ ಹೋಗಿದ್ದ ವಿದ್ಯಾರ್ಥಿಯೊಬ್ಬರಿದ್ದರು. ಅವರೇ ಚೇತನ್ ಮೈನಿ. ಅವರು ಸ್ವದೇಶಕ್ಕೆ ಹಿಂದಿರುಗಿ, ತಮ್ಮ ಸಂಗಡಿಗರೊಡನೆ ಶ್ರಮಿಸಿ, 2001ರಲ್ಲಿ ಬೆಂಗಳೂರಿನಲ್ಲಿ 'ರೇವಾ' ಎಂಬ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದರು. ಎರಡೂವರೆ ಮೀಟರಿಗಿಂತ ಸ್ವಲ್ಪವೇ ಉದ್ದವಾಗಿದ್ದ ಈ ಪುಟ್ಟ ಕಾರು ಒಮ್ಮೆ ವಿದ್ಯುತ್ತು ತುಂಬಿಸಿದರೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ವಿದ್ಯುತ್ ಕಾರೆಂಬುದು ದೇಶದಲ್ಲಿ ಯಾರ ಮಾತಿನಲ್ಲಿಯೂ ಇಲ್ಲದಿದ್ದ ಕಾಲದಲ್ಲಿ ಅದು ಬೆಂಗಳೂರಿನ ಬೀದಿಗಳಲ್ಲಿಯೂ, ಮುಂದೆ ಲಂಡನ್ ನಗರದಲ್ಲಿಯೂ ಓಡಾಡಿತು. 2010ರಲ್ಲಿ ಮಹೀಂದ್ರ ಕಂಪೆನಿಯು ಆ ಸಂಸ್ಥೆಯ ಹೆಚ್ಚಿನ ಪಾಲನ್ನು ಕೊಂಡುಕೊಂಡಿತು.

ಮಣಿಪಾಲದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳ 'ಸೋಲಾರ್‌ಮೊಬಿಲ್' ತಂಡವೂ ಇದೇ ಹಾದಿಯಲ್ಲಿ ನಡೆದದ್ದು. 2011ರಲ್ಲಿ ಮೊದಲಾದ ಈ ತಂಡ 2015ರಲ್ಲಿ 'ಸರ್ವ್' ಎಂಬ ಸೌರವಿದ್ಯುತ್ ಕಾರನ್ನು ರಚಿಸಿತು.

ಯಾವ ವಾಹನ ನಿಜವಾಗಿ ದಕ್ಷ?

ಹಾಗಾದರೆ ನಾಳೆಯೇ ಎಲ್ಲರೂ ಲೀಟರಿಗೆ 5,385 ಕಿಲೋಮೀಟರು ಓಡುವ ಬಂಡಿಯನ್ನು ಏರಬಹುದೆ? ಸಾಧ್ಯವಿಲ್ಲ. ಅದರಲ್ಲಿ ಹಿಡಿಯುವುದು ಸಣಕಲು ಮೈಕಟ್ಟಿನ ಒಬ್ಬರೇ ಚಾಲಕರು. ಒಂದು ಪುಸ್ತಕದ ಚೀಲಕ್ಕೂ ಸ್ಥಳವಿಲ್ಲ. ರಸ್ತೆಯ ಗುಂಡಿಯೊಂದನ್ನು ದಾಟುವ ಶಕ್ತಿಯೂ ಅದರ ಗಾಲಿಗಿಲ್ಲ. ದಕ್ಷತೆಯನ್ನು ಅಳೆಯುವಾಗ 'ಎಷ್ಟು ದೂರ' ಎಂಬುದರ ಜೊತೆಗೆ 'ಯಾರನ್ನು, ಎಷ್ಟು ಭಾರವನ್ನು' ಎಂಬುದನ್ನೂ ಕೇಳಬೇಕು.

ಈ ಅಳತೆಯನ್ನು ನಮ್ಮ ದಾರಿಗೆ ಹಚ್ಚಿ ನೋಡೋಣ. ಒಬ್ಬನೇ ಕುಳಿತು ಹೋಗುವ ಕಾರು ಲೀಟರಿಗೆ 18 ಕಿಲೋಮೀಟರು ಓಡಿದರೆ, ಒಬ್ಬ ಮನುಷ್ಯನು ಒಂದು ಲೀಟರಿನಲ್ಲಿ 18 ಕಿಲೋಮೀಟರು ಸಾಗಿದಂತಾಯಿತು. ಇಬ್ಬರು ಕುಳಿತ ಮೋಟಾರ್ ಸೈಕಲ್ಲಿಗೆ ಇದು ಸುಮಾರು 100. ಲೀಟರಿಗೆ ಸುಮಾರು 5 ಕಿಲೋಮೀಟರು ಮಾತ್ರ ಓಡುವ ಸರ್ಕಾರಿ ಬಸ್ಸಿನಲ್ಲಿ 50 ಜನ ಕುಳಿತಿದ್ದರೆ ಲೆಕ್ಕ 250ಕ್ಕೆ ಏರುವುದು. ಪಿರಿಯಾಪಟ್ಟಣದಿಂದಲೋ ಹೆಗ್ಗಡದೇವನಕೋಟೆಯಿಂದಲೋ ಬೆಳಗಿನ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಹೋಗುವ ವಿದ್ಯಾರ್ಥಿ, ತನಗೆ ಅರಿವಿಲ್ಲದೆಯೇ, ಪಕ್ಕದಲ್ಲಿ ಹಾದುಹೋಗುವ ಹೊಸ ಕಾರಿನವನಿಗಿಂತ ಸುಮಾರು ಹದಿನಾಲ್ಕು ಪಟ್ಟು ದಕ್ಷವಾಗಿ ಪ್ರಯಾಣ ಮಾಡುತ್ತಿರುವನು. ಅದೇ ಬಸ್ಸಿನಲ್ಲಿ ನಾಲ್ಕೇ ಜನರಿದ್ದರೆ ಲೆಕ್ಕ 20ಕ್ಕೆ ಇಳಿಯುವುದೆಂಬುದನ್ನೂ ಮರೆಯಬಾರದು. ತುಂಬಿದ ಬಸ್ಸು ಹೊತ್ತಿಗೆ ಸರಿಯಾಗಿ ಬರುವಂತೆ ಮಾಡುವುದೂ ಇಂಧನದ ಉಳಿತಾಯವೇ.

ಬೈಸಿಕಲ್ಲಂತೂ ಇವೆಲ್ಲವನ್ನೂ ಮೀರಿಸುವುದು. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ 45 ಕಿಲೋಮೀಟರು ಸಮದಾರಿಯನ್ನು ತುಳಿಯಲು ಬೇಕಾದ ಕೆಲಸ ಸುಮಾರು 5 ಲಕ್ಷ ಜೌಲ್. ನಮ್ಮ ಮಾಂಸಖಂಡಗಳ ದಕ್ಷತೆ ಸುಮಾರು ಕಾಲು ಪಾಲು ಎಂದು ಹಿಡಿದರೆ ಆಹಾರದಿಂದ ಒದಗಬೇಕಾದದ್ದು 20 ಲಕ್ಷ ಜೌಲ್. ಸುಮಾರು 150 ಗ್ರಾಂ ರಾಗಿಹಿಟ್ಟಿನಲ್ಲಿರುವ ಶಕ್ತಿ. ಹುಣಸೂರಿನಿಂದ ಮೈಸೂರಿಗೆ ಬೇಕಾದ ಹೆಚ್ಚಿನ ಇಂಧನ ಎರಡು ಸಾಧಾರಣ ಮುದ್ದೆಗಳಿಗೆ ಮೀರದು.

ಈ ಲೆಕ್ಕ ಕೇವಲ ಕುತೂಹಲದ್ದಲ್ಲ. ಭಾರತವು ಬಳಸುವ ಕಚ್ಚಾತೈಲದಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತಲೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಅದರ ಬೆಲೆ ಏರಿದಾಗ ಹೊಗೆಸೊಪ್ಪಿನ ಬೇಲನ್ನು ಹರಾಜುಕಟ್ಟೆಗೆ ಒಯ್ಯುವ ಬಾಡಿಗೆ, ಕಬ್ಬಿನ ಗಾಡಿಯ ಬಾಡಿಗೆ, ಹಾಲಿನ ವ್ಯಾನಿನ ಬಾಡಿಗೆ ಎಲ್ಲವೂ ಏರುವುದು. ಬೆಳೆಗಾರನ ಕೈಯಿಂದ ಜಾರುವ ಆ ಹಣದಲ್ಲಿ ಒಂದು ಪಾಲು ಸರಿಯಾಗಿ ಗಾಳಿ ತುಂಬದ ಟೈರಿನಲ್ಲಿ, ಬರಿದಾಗಿ ಹಿಂದಿರುಗುವ ಲಾರಿಯಲ್ಲಿ, ಅನಾವಶ್ಯಕವಾಗಿ ಒತ್ತಿದ ಬ್ರೇಕಿನಲ್ಲಿ ವ್ಯರ್ಥವಾಗಿ ಹೋಗುತ್ತಿರುವುದು.

ಶಾಲೆಯ ಬಯಲಿನಲ್ಲಿ ಒಂದು ಪ್ರಯೋಗ

ಈ ವಿದ್ಯೆಯ ಮೊದಲ ಪಾಠಕ್ಕೆ ಬೇಕಾಗುವುದು ಒಂದು ಬೈಸಿಕಲ್ಲು, ಅಳತೆಯ ಟೇಪು, ಸೆಕೆಂಡು ತೋರಿಸುವ ಗಡಿಯಾರ ಮತ್ತು ವಾಹನಸಂಚಾರವಿಲ್ಲದ ಸಮತಟ್ಟಾದ ಗಟ್ಟಿ ನೆಲ. ನೆಲದ ಮೇಲೆ 10 ಮೀಟರು ಅಂತರದಲ್ಲಿ ಎರಡು ಗೆರೆಗಳನ್ನು ಎಳೆಯಿರಿ. ಸವಾರನು ಒಂದೇ ವೇಗದಲ್ಲಿ ತುಳಿಯುತ್ತ ಈ ಗೆರೆಗಳನ್ನು ದಾಟಲಿ. ಎರಡನೆಯ ಗೆರೆ ಮುಟ್ಟಿದೊಡನೆ ತುಳಿಯುವುದನ್ನು ನಿಲ್ಲಿಸಿ, ಬ್ರೇಕು ಹಿಡಿಯದೆ, ಸೈಕಲ್ಲು ತಾನಾಗಿಯೇ ನಿಲ್ಲುವವರೆಗೆ ಉರುಳಲು ಬಿಡಲಿ. ಗೆರೆಗಳ ನಡುವೆ ಹಿಡಿದ ಕಾಲವನ್ನು ಒಬ್ಬರೂ, ಎರಡನೆಯ ಗೆರೆಯಿಂದ ಮುಂದೆ ಉರುಳಿದ ದೂರವನ್ನು ಇನ್ನೊಬ್ಬರೂ ಬರೆದುಕೊಳ್ಳಲಿ. 10 ಮೀಟರನ್ನು 3.6 ಸೆಕೆಂಡಿನಲ್ಲಿ ದಾಟಿದ್ದರೆ ವೇಗ ಸೆಕೆಂಡಿಗೆ ಸುಮಾರು 2.8 ಮೀಟರು, ಎಂದರೆ ಗಂಟೆಗೆ 10 ಕಿಲೋಮೀಟರು.

ವೇಗದ ವರ್ಗವನ್ನು, ಉರುಳಿದ ದೂರ ಮತ್ತು 19.6 ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಒಂದು ಸಣ್ಣ ಸಂಖ್ಯೆ ಬರುವುದು. 50 ಮೀಟರು ಉರುಳಿದ್ದರೆ ಅದು ಸುಮಾರು 0.008. ಸವಾರನೂ ಸೇರಿ ಸೈಕಲ್ಲಿನ ತೂಕದ ಎಷ್ಟನೆಯ ಪಾಲು ಬಲ ಅದನ್ನು ತಡೆಯುತ್ತಿದೆಯೆಂಬುದನ್ನು ಈ ಸಂಖ್ಯೆ ತಿಳಿಸುವುದು. ನೆಲದ ಓರೆಯೂ ಗಾಳಿಯ ಬೀಸೂ ಲೆಕ್ಕವನ್ನು ಕೆಡಿಸದಂತೆ ಎರಡು ದಿಕ್ಕಿನಲ್ಲಿಯೂ ಹಲವು ಬಾರಿ ಓಡಿಸಿ ಸರಾಸರಿಯನ್ನು ತೆಗೆದುಕೊಳ್ಳಬೇಕು. ಅನಂತರ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ ನೋಡಿ. ಗಾಲಿಯ ಬೇರಿಂಗುಗಳಿಗೆ ಎಣ್ಣೆ ಹಾಕಿ ನೋಡಿ. ಸವಾರನು ಬಾಗಿ ಕುಳಿತಾಗ, ನೆಟ್ಟಗೆ ಕುಳಿತಾಗ ಬರುವ ವ್ಯತ್ಯಾಸವನ್ನು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರ ಫಲ ಯಾವುದೆಂದು ತಿಳಿಯದು.

ಲಾಡೂ ಪಥದ ಸ್ಪರ್ಧಿಗಳಿಗೂ ಈ ಬಯಲಿನ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಉಪಕರಣಗಳ ನಯದಲ್ಲಿ, ಹಣದ ಅನುಕೂಲದಲ್ಲಿ, ವಿಧಾನವೊಂದೇ. ಒಂದು ತಾಲ್ಲೂಕಿನ ನಾಲ್ಕಾರು ಶಾಲೆಗಳು ಸೇರಿ ಇಂಥದೇ ಒಂದು ಸ್ಪರ್ಧೆಯನ್ನು ಏರ್ಪಡಿಸಬಾರದೇಕೆ? ನಿಯಮಗಳು ನಮ್ಮ ಅಗತ್ಯಕ್ಕೆ ತಕ್ಕವಾಗಿರಲಿ. ಒಂದು ಮೂಟೆ ಭತ್ತವನ್ನೋ ಎರಡು ಕ್ಯಾನು ಹಾಲನ್ನೋ ಮಣ್ಣುದಾರಿಯಲ್ಲಿ ಒಂದು ಕಿಲೋಮೀಟರು ಕಡಿಮೆ ಶ್ರಮದಿಂದ ಸಾಗಿಸುವ ಕೈಗಾಡಿಯನ್ನು ಯಾರು ರಚಿಸುವರು ಎಂಬುದೇ ಪಂದ್ಯವಾಗಲಿ. ಊರಿನ ಬಡಗಿ, ಕಮ್ಮಾರ, ಸೈಕಲ್ ಷಾಪಿನ ಯಜಮಾನರು ಸಲಹೆಗಾರರಾಗಲಿ. ಅವರಿಗೆ ತಿಳಿದಿರುವ ಎಷ್ಟೋ ಸಂಗತಿಗಳು ಪುಸ್ತಕಗಳಲ್ಲಿ ದೊರೆಯುವುದಿಲ್ಲ. ಹೀಗೆ ಅಳೆದು, ಬರೆದು, ತಿದ್ದಿ, ಮತ್ತೆ ಅಳೆಯುವುದನ್ನು ಕಲಿತ ಹುಡುಗನೋ ಹುಡುಗಿಯೋ ಮುಂದೆ ಯಾವ ವೃತ್ತಿಗೆ ಹೋದರೂ, ಶಕ್ತಿ ಎಲ್ಲಿ ಸೋರುತ್ತಿದೆಯೆಂದು ಮೊದಲು ಹುಡುಕುವ ಅಭ್ಯಾಸವನ್ನು ಜೊತೆಯಲ್ಲಿ ಒಯ್ಯುವರು. ಹನಿ ಹನಿಯಾಗಿ ಉಳಿಯುವ ಇಂಧನದ ಲೆಕ್ಕ ಅಲ್ಲಿಂದಲೇ ಮೊದಲಾಗುವುದು.